ಮಚ್ಚನ್ನು ಕೈಗೆ ಕೊಡಬಾರದು

ನಮ್ಮ ಶಾಲೆಯ ಹುಡುಗಿಯರನ್ನು ಮೂರು ದಿನಗಳ ಶಿಬಿರಕ್ಕೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂದಾಗ ನನಗೆ ಇಪ್ಪತ್ತೈದು ವರ್ಷ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಯಲಹಂಕದ ಬಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಶಿಬಿರವೆಂಬುದನ್ನು ನಾನು ಎಂದೂ ಕಂಡವಳಲ್ಲ. ಬಯಲಿನಲ್ಲಿ ಬೆಂಕಿ ಹೊತ್ತಿಸುವುದಿರಲಿ, ನಮ್ಮ ಮನೆಗೆ ಸೌದೆ ಸೀಳಿಯೇ ಬರುತ್ತಿದ್ದುದರಿಂದ ಮಚ್ಚನ್ನು ಎತ್ತಿ ನೋಡಿದವಳೂ ಅಲ್ಲ. ಮುಖ್ಯೋಪಾಧ್ಯಾಯಿನಿಯವರು ಒಂದು ಇಂಗ್ಲಿಷ್ ಕಿರುಹೊತ್ತಗೆಯನ್ನು ಕೊಟ್ಟು, “ಎಲ್ಲಾ ಇದರಲ್ಲೇ ಇದೆ, ಓದ್ಕೊಂಡುಬಿಡಿ,” ಎಂದರು.

ಓದಿಕೊಂಡೆ. ಓದಿದ್ದಷ್ಟೇ ಅಲ್ಲ, ಎರಡು ವಾರ ಕುಳಿತು ಅದರ ನಿಯಮಗಳನ್ನೆಲ್ಲ ಕನ್ನಡಕ್ಕೆ ತಂದೆ. ಒಟ್ಟು ಹನ್ನೊಂದಾದವು. ಬೆಂಕಿ ಹಾಕುವ ಜಾಗದ ಸುತ್ತ ಒಣಹುಲ್ಲನ್ನು ಕೆತ್ತಿ ತೆಗೆಯಬೇಕು. ಕಲ್ಲುಗಳನ್ನು ಬಳೆಯಂತೆ ಜೋಡಿಸಬೇಕು. ಒಂದು ಕೊಡ ನೀರು, ಒಂದು ಮಂಕರಿ ಮರಳು ಪಕ್ಕದಲ್ಲಿರಬೇಕು. ಮೊದಲು ತರಗು, ಅದರ ಮೇಲೆ ಪುಳ್ಳೆ, ಆಮೇಲೆ ಬೆರಳಿನ ಗಾತ್ರದ ಕಡ್ಡಿ, ಕೊನೆಗೆ ಸೀಳಿದ ಸೌದೆ. ಗಾಳಿ ಬರುವ ಕಡೆಯಿಂದ ಹೊತ್ತಿಸಬೇಕು. ಆಯುಧಗಳ ಮಾತಿಗೆ ಬಂದರೆ, ಮಚ್ಚು ಹಿಡಿದ ತೋಳನ್ನು ಚಾಚಿ ಒಂದು ಸುತ್ತು ತಿರುಗಿದಷ್ಟು ಜಾಗದಲ್ಲಿ ಇನ್ನೊಬ್ಬರು ನಿಲ್ಲಕೂಡದು. ಮಚ್ಚನ್ನು ನೆಲದ ಮೇಲೆ ಬಿಟ್ಟು ಹೋಗಕೂಡದು, ಮರಕ್ಕೆ ಕಚ್ಚಿಸಿ ಇಡಕೂಡದು. ಎಂಟನೆಯ ನಿಯಮ: ಮಚ್ಚನ್ನು ಮತ್ತೊಬ್ಬರಿಗೆ ಕೊಡುವಾಗ ಹಿಡಿಯನ್ನು ಅವರ ಕಡೆಗೆ ಮಾಡಿ ಕೈಯಿಂದ ಕೈಗೆ ಕೊಡಬೇಕು.

ಆ ಎಂಟನೆಯ ನಿಯಮದಲ್ಲಿ, ಪಡೆಯುವವರು ‘ಥ್ಯಾಂಕ್ ಯು’ ಎನ್ನಬೇಕು, ಆ ಮಾತು ಕೇಳಿದ ಮೇಲೆಯೇ ಕೊಡುವವರು ಕೈ ಸಡಿಲಿಸಬೇಕು ಎಂದಿತ್ತು. ಮಚ್ಚು ಕೊಟ್ಟವರಿಗೆ ವಂದನೆ ಹೇಳುವುದು ನಮ್ಮ ಮಕ್ಕಳ ಬಾಯಿಗೆ ಒಗ್ಗುವುದಿಲ್ಲವೆನಿಸಿ, ಅದರ ಬದಲು ‘ಹಿಡಿದಿದ್ದೇನೆ’ ಎಂಬ ಮಾತನ್ನು ಇಟ್ಟೆ. ಮೂಲಕ್ಕಿಂತ ಇದೇ ಮೇಲೆಂದು ನನಗೆ ಖಾತ್ರಿಯಿತ್ತು. ಅದನ್ನು ಹೇಳಿಸಿ ಹೇಳಿಸಿ ರೂಢಿ ಮಾಡಿಸಿದೆ. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ಮಕ್ಕಳು “ಇಡ್ದಿದೀನಿ” ಎನ್ನುತ್ತಿದ್ದರು. ಹಕಾರ ಸ್ಪಷ್ಟವಾಗುವವರೆಗೆ ಇಡೀ ತರಗತಿಯನ್ನು ನಿಲ್ಲಿಸಿ, ಪದ್ಯ ಹೇಳಿಸುವಂತೆ ಒಟ್ಟಿಗೆ ಹೇಳಿಸುತ್ತಿದ್ದೆ. ಪದ್ಯಕ್ಕೆ ನಮ್ಮಲ್ಲೊಂದು ಪದ್ಧತಿಯಿತ್ತು. ಒಬ್ಬಳು ಎದ್ದು ನಿಂತು ಹೇಳುವಾಗ ತಡವರಿಸಿದರೆ ಲಯ ಮುರಿಯಬಾರದು. ಉಳಿದವರು ದನಿಗೂಡಿಸಿ ಸಾಲನ್ನು ಮುಂದಕ್ಕೆ ಸಾಗಿಸಬೇಕು. ಆ ಪದ್ಧತಿಯನ್ನು ತಂದವಳೂ ನಾನೇ.

ಹೊರಡುವ ಮುಂಚೆ ಮನೆಮನೆಗೆ ಹೋಗಿ ಹಿರಿಯರ ಒಪ್ಪಿಗೆ ಕೇಳಬೇಕಾಯಿತು. ಹುಣಸಮಾರನಹಳ್ಳಿಯ ಒಂದು ಒಕ್ಕಲು ಮನೆಯಲ್ಲಿ ಹುಡುಗಿಯ ಅಜ್ಜಿಯದೇ ಕೊನೆಯ ಮಾತು. ಹುಡುಗಿಗೆ ಹನ್ನೆರಡು ವರ್ಷ. ಆ ಮನೆಯಿಂದ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ಅವಳು. ಇನ್ನು ಸಾಕು, ಬಿಡಿಸೋಣವೆಂದು ಚಿಕ್ಕಪ್ಪ ಹಟ ಹಿಡಿದಿದ್ದಾನೆ, ತಾನೇ ತಡೆದು ನಿಲ್ಲಿಸಿದ್ದೇನೆ ಎಂದು ಅಜ್ಜಿ ಹೇಳಿದರು. ಶಿಬಿರದಲ್ಲಿ ಏನು ಕಲಿಸುತ್ತೀರಿ ಎಂದು ಕೇಳಿದರು. ಸೌದೆ ಸೀಳುವುದು, ಬೆಂಕಿ ಹಾಕುವುದು ಎಂದೆ.

ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ಅಲ್ಲ ಟೀಚರಮ್ಮ, ಸೌದೆ ಒಡಿಯಾಕೆ, ಒಲೆ ಉರ್ಸಾಕೆ ಅಲ್ಲಿಗಂಟ ಓಗ್ಬೇಕಾ? ಅದ್ನೆಲ್ಲ ನಾನೇ ಕಲ್ಸಿವ್ನಿ. ನಿಂಗೂ ಬೇಕಾದ್ರೆ ಬಾ, ಕಲುಸ್ತೀನಿ.”

ಮನೆಯವರೆಲ್ಲ ನಕ್ಕರು; ನಾನೂ ನಕ್ಕೆ. ಕೊನೆಗೆ ಅಜ್ಜಿ ಒಪ್ಪಿ ಒಂದೇ ಮಾತು ಹೇಳಿದರು: “ಎಂಗ್ ಕರ್ಕೊಂಡೋಯ್ತೀಯೋ ಅಂಗೇ ಕರ್ಕೊಂಡ್ ಬಾ.” ಹಾಗೆಯೇ ಆಗಲಿ ಎಂದೆ.

ಅಲ್ಲಾಳಸಂದ್ರದ ಕೆರೆಯ ಹಿಂದೆ ಆಗ ಒಂದು ಹೊಂಗೆಯ ತೋಪಿತ್ತು. ಅಲ್ಲಿ ಎರಡು ಡೇರೆ ಹಾಕಿಸಿದೆವು. ಇಪ್ಪತ್ತೆರಡು ಹುಡುಗಿಯರು, ಅಡುಗೆಗೆ ಶಾಲೆಯ ಆಯಾ, ಮತ್ತು ನಾನು. ಮೊದಲ ದಿನ ಪುಳ್ಳೆ ಆರಿಸಿ ತಂದದ್ದಾಯಿತು, ಕಲ್ಲು ಜೋಡಿಸಿದ್ದಾಯಿತು. ಸೌದೆ ಸೀಳುವ ಪಾಠಕ್ಕೆ ಬಂದಾಗ ನನ್ನ ಏಟುಗಳು ಕೊರಡಿನ ಮೇಲೆ ಎಲ್ಲೆಲ್ಲೋ ಬೀಳುತ್ತಿದ್ದವು. ಹುಣಸಮಾರನಹಳ್ಳಿಯ ಹುಡುಗಿ ಸುಮ್ಮನೆ ನೋಡುತ್ತಿದ್ದವಳು, ತನ್ನ ಸರದಿ ಬಂದಾಗ ಲಂಗವನ್ನು ಮೇಲಕ್ಕೆ ಸಿಕ್ಕಿಸಿ, ಕಾಲುಗಳನ್ನು ಅಗಲಿಸಿ ನಿಂತು, ಜಾಲಿಯ ತುಂಡೊಂದನ್ನು ಮೂರೇ ಏಟಿಗೆ ನಾಲ್ಕು ಸೀಳು ಮಾಡಿದಳು. ಆಮೇಲೆ ಮಚ್ಚನ್ನು ಬಾಯಿ ಆಚೆ ಮಾಡಿ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತಳು. ಮುಂದಿನ ಹುಡುಗಿ ಬಂದು ಎತ್ತಿಕೊಳ್ಳಲಿ ಎಂಬಂತಿತ್ತು.

“ನೆಲದ ಮೇಲೆ ಇಡಬಾರದು ಎಂದು ಹೇಳಿದ್ದೇನಲ್ಲ? ಕೈಗೆ ಕೊಡು,” ಎಂದೆ.

“ಕೈಗೆ ಕೊಡಬಾರ್ದು ಮಿಸ್. ಜಗಳ ಬತ್ತದೆ.”

“ಯಾರು ಹೇಳಿದರು?”

“ನಮ್ಮಜ್ಜಿ.”

ಯಲಹಂಕದ ಪೇಟೆಯ ಹುಡುಗಿಯೊಬ್ಬಳು ತಕ್ಷಣ ಬಾಯಿ ಹಾಕಿದಳು: “ಅಯ್ಯೋ, ಹಾಗಾದ್ರೆ ಉಪ್ಪೂ ಕೈಗೆ ಕೊಡಲ್ವೇನೇ? ನಿನ್ನೆ ನೆಲ್ಲಿಕಾಯಿಗೆ ನಂಗೆ ಉಪ್ಪು ಕೊಟ್ಯಲ್ಲ, ಅದಕ್ಕೇ ಕಣೇ ನೀನು ನಂಜೊತೆ ಜಗಳ ಆಡೋದು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಡುಗಿಯ ಮುಖ ಕೆಂಪಾಯಿತು. ನಾನು ಅವರನ್ನು ಗದರಿಸಬೇಕಿತ್ತು. ಅದರ ಬದಲು, “ಜಗಳ ಬಂದರೆ ಬರಲಿ, ನಾನು ಬಿಡಿಸುತ್ತೇನೆ,” ಎಂದೆ. ಮತ್ತೂ ನಕ್ಕರು. ಆ ದಿನಕ್ಕೆ ಅವಳನ್ನು ಅಷ್ಟಕ್ಕೇ ಬಿಟ್ಟೆ.

ಎರಡನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ, ಎಂಟನೆಯ ನಿಯಮವೊಂದನ್ನೇ ಅಭ್ಯಾಸ ಮಾಡಿಸಲು ತೊಡಗಿದೆ. ಸಂಜೆಯ ಬೆಂಕಿಗೆ ಸೌದೆಯನ್ನು ಆಗಲೇ ಗೋಪುರದಂತೆ ನಿಲ್ಲಿಸಿದ್ದೆವು; ಬೆಂಕಿಪೊಟ್ಟಣವೊಂದೇ ಬಾಕಿ. ಹುಡುಗಿಯರು ಅರ್ಧಚಂದ್ರಾಕಾರದಲ್ಲಿ ದೂರ ನಿಂತರು. ಒಬ್ಬೊಬ್ಬಳಾಗಿ ಮುಂದೆ ಬರಬೇಕು; ನಾನು ಮಚ್ಚಿನ ಬೆನ್ನನ್ನು ಹಿಡಿದು ಹಿಡಿಯನ್ನು ಅವಳ ಕಡೆಗೆ ಚಾಚುತ್ತೇನೆ; ಅವಳು ಹಿಡಿದು ‘ಹಿಡಿದಿದ್ದೇನೆ’ ಎನ್ನಬೇಕು; ನಾನು ಬಿಡುತ್ತೇನೆ. ಎಂಟು ಹತ್ತು ಮಂದಿ ಸರಾಗವಾಗಿ ಮುಗಿಸಿದರು. ಆಮೇಲೆ ಅವಳ ಸರದಿ.

ಅವಳು ಬಂದಳು. ಬರಿಗಾಲು. ಬಲಗೈ ಅರ್ಧ ಚಾಚಿದ್ದಳು. ಅಷ್ಟನ್ನು ನೋಡಿದ್ದು ನನಗೆ ನೆನಪಿದೆ. ಆಮೇಲಿನದನ್ನು ನಾನು ನೋಡಲಿಲ್ಲ, ಏಕೆಂದರೆ ಅವಳು ಬಾಯಿ ತೆರೆಯುವುದು ತಡವಾಯಿತು, ನಾನು ಉಳಿದ ಹುಡುಗಿಯರ ಕಡೆ ಕಣ್ಣು ತಿರುಗಿಸಿದೆ. ತರಗತಿಯಲ್ಲಿ ಒಬ್ಬಳು ತಡವರಿಸಿದಾಗಲೆಲ್ಲ ನಾನು ಹಾಗೆ ತಿರುಗುತ್ತಿದ್ದೆ. ಅದು ಉಳಿದವರಿಗೆ ಸನ್ನೆ. ಅವರು ಸನ್ನೆಯನ್ನು ತಿಳಿದುಕೊಂಡರು.

“ಹಿಡಿದಿದ್ದೇನೆ.”

ಎಷ್ಟು ಚೆನ್ನಾಗಿತ್ತು ಆ ಮಾತು! ಹಕಾರ ತುಂಬು ದನಿಯಲ್ಲಿ ಮೊಳಗಿತು. ನನಗೆ ಹಿಗ್ಗಾಯಿತು. ಹಿಗ್ಗಿನಲ್ಲೇ ಕೈ ಬಿಟ್ಟೆ.

ಸದ್ದು ದೊಡ್ಡದೇನೂ ಆಗಲಿಲ್ಲ. ಅವಳು ಕಿರುಚಲಿಲ್ಲ. “ಅಯ್ಯೋ ಮಿಸ್,” ಎಂದು ಮೆಲ್ಲನೆ ಅಂದಳು, ಏನೋ ನನ್ನದೊಂದು ವಸ್ತುವನ್ನು ಒಡೆದು ಹಾಕಿದವಳಂತೆ. ಕೆಳಗೆ ನೋಡಿದೆ. ಮಚ್ಚು ಅವಳ ಎಡಪಾದದ ಮೇಲೆ, ಹೆಬ್ಬೆರಳಿನ ಬುಡದ ಹತ್ತಿರ ಬಿದ್ದು, ಪಕ್ಕಕ್ಕೆ ಉರುಳಿತ್ತು. ಒಂದು ಕ್ಷಣ ಗಾಯ ಬೆಳ್ಳಗಿತ್ತು. ರಕ್ತ ಬರಲು ಅಷ್ಟು ತಡವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಬಂತು.

ನನ್ನ ಹನ್ನೊಂದು ನಿಯಮಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. ನಾನು ಅಲ್ಲಾಡದೆ ನಿಂತಿದ್ದೆ. ಆಯಾ ಒಲೆಯ ಬಳಿಯಿಂದ ಓಡಿ ಬಂದು, ಒಂದು ಹಿಡಿ ಅರಿಶಿನ ಒತ್ತಿ, ನನ್ನ ಹೆಗಲ ಮೇಲಿದ್ದ ಟವೆಲನ್ನು ಎಳೆದು ಬಿಗಿಯಾಗಿ ಕಟ್ಟಿ, “ನಿಂತ್ಕೊಂಡೇ ಇದೀರಲ್ಲಮ್ಮಾ, ಎತ್ಕೊಳ್ಳಿ!” ಎಂದು ನನ್ನ ಮೇಲೆ ಕೂಗಿದಳು. ಎತ್ತಿಕೊಂಡು ಬಳ್ಳಾರಿ ರಸ್ತೆಗೆ ಓಡಿದೆ. ಇಟ್ಟಿಗೆ ಇಳಿಸಿ ಖಾಲಿಯಾಗಿ ಬರುತ್ತಿದ್ದ ಲಾರಿಯೊಂದು ನಿಂತಿತು. ಡ್ರೈವರ್ ಒಂದು ಮಾತೂ ಕೇಳದೆ ಬಾಗಿಲು ತೆರೆದು, “ಕಾಲು ಮೇಲಕ್ಕೆತ್ತಿ ಹಿಡ್ಕೊಳ್ಳಿ ಅಮ್ಮಾ, ಕೆಳಗೆ ಬಿಡಬೇಡಿ,” ಎಂದ. ಯಲಹಂಕದವರೆಗೂ ಆ ಪಾದವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ಟವೆಲು ಒದ್ದೆಯಾಗಿ ಬಿಸಿಯಾಗಿತ್ತು.

ಡಾಕ್ಟರು ಹೊಲಿಗೆ ಹಾಕಿದರು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಕಾಲು ಉಳಿಯುತ್ತದೆ, ನಡೆಯುತ್ತಾಳೆ. ಆದರೆ ಹೆಬ್ಬೆರಳನ್ನು ಮೇಲೆತ್ತುವ ನರ ತುಂಡಾಗಿದೆ, ಅದು ಇನ್ನು ಏಳುವುದು ಸಂಶಯ ಎಂದರು. ಹೇಳಿಕಳುಹಿಸಿದ್ದರಿಂದ ಹುಡುಗಿಯ ತಂದೆ ಗಾಡಿ ಕಟ್ಟಿಕೊಂಡು ಬಂದ. ನನ್ನ ಮುಖ ನೋಡಲಿಲ್ಲ. ಮಗಳನ್ನು ಹುಲ್ಲಿನ ಮೇಲೆ ಮಲಗಿಸಿಕೊಂಡು ಹೊರಟುಹೋದ.

ಸಂಜೆ ನಾನು ತೋಪಿಗೆ ಮರಳಿದಾಗ ಮುಖ್ಯೋಪಾಧ್ಯಾಯಿನಿಯವರು ಬಂದಿದ್ದರು. ಹೊತ್ತಿಸದ ಸೌದೆಯ ಗೋಪುರದ ಮುಂದೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ವಿಚಾರಿಸುತ್ತಿದ್ದರು.

“ಅವಳು ಹಿಡಿದಿದ್ದೇನೆ ಅಂದಳೋ ಇಲ್ಲವೋ? ನಿಜ ಹೇಳಬೇಕು.”

“ಅಂದಳು ಮೇಡಂ,” ಎಂದರು ಇಪ್ಪತ್ತೊಂದು ಮಂದಿ.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅತ್ತು ಅತ್ತು ಕಣ್ಣು ಊದಿದ ಮಕ್ಕಳು. ಆ ಮಾತು ಅವರೆಲ್ಲರ ಕಿವಿಗೆ ಬಿದ್ದಿತ್ತು. ನನ್ನ ಕಿವಿಗೂ ಬಿದ್ದಿತ್ತು. ತಾನು ಹೇಳಿದ್ದು ಯಾವುದು, ಪಕ್ಕದವಳು ಹೇಳಿದ್ದು ಯಾವುದು ಎಂದು ಒಟ್ಟಾಗಿ ಹೇಳುವಾಗ ಯಾರಿಗೆ ಗೊತ್ತಾಗುತ್ತದೆ? ಮುಖ್ಯೋಪಾಧ್ಯಾಯಿನಿಯವರು ವರದಿಯನ್ನು ಬರೆದುಕೊಂಡೇ ಬಂದಿದ್ದರು. ‘ಹಿಡಿದಿದ್ದೇನೆ’ ಎಂದು ಹೇಳಿಯೂ ಹಿಡಿಯದೆ ಹೋದುದರಿಂದ, ವಿದ್ಯಾರ್ಥಿನಿಯ ಅಜಾಗರೂಕತೆಯಿಂದ ಗಾಯವಾಯಿತು ಎಂದಿತ್ತು. ಒಂದು ಪ್ರತಿಯನ್ನು ಮನೆಯವರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕೆಂದರು. ನಾನು ಓದಿದೆ. ಅದರಲ್ಲಿದ್ದ ಒಂದು ವಿಭಕ್ತಿಯ ತಪ್ಪನ್ನು ತಿದ್ದಿ, ಕೆಳಗೆ ರುಜು ಹಾಕಿದೆ. ಹೌದು, ತಿದ್ದಿದೆ. ಇಷ್ಟು ವರ್ಷಗಳ ಮೇಲೂ ಅದನ್ನು ನೆನೆದರೆ ನನಗೆ ದಿಗಿಲಾಗುತ್ತದೆ. ಕೈಯಲ್ಲಿ ಇನ್ನೂ ಅರಿಶಿನದ ಕಲೆಯಿತ್ತು.

ಮರುದಿನ ಬೆಳಿಗ್ಗೆ ಹುಣಸಮಾರನಹಳ್ಳಿಗೆ ಹೋದೆ. ಹುಡುಗಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಪಾದದ ಕೆಳಗೆ ಮಡಿಸಿದ ಗೋಣಿಚೀಲ. ಅಜ್ಜಿ ಅವಳ ತಲೆಯ ಬಳಿ ಕುಳಿತಿದ್ದರು. “ಬಾ” ಎನ್ನಲಿಲ್ಲ, “ಓಗು” ಎಂದೂ ಅನ್ನಲಿಲ್ಲ.

“ಎಂಗ್ ಕರ್ಕೊಂಡೋದೆ, ಎಂಗ್ ಕಳ್ಸಿದ್ದೀಯ ನೋಡವ್ವ,” ಎಂದರು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ಕಂಡು, “ಏನದು? ಓದು,” ಎಂದರು.

ಓದಿದೆ. ಅಜಾಗರೂಕತೆ ಎಂಬ ಮಾತು ಅಜ್ಜಿಗೆ ತಿಳಿಯಲಿಲ್ಲ.

“ಅಂಗಂದ್ರೆ?”

“ಎಚ್ಚರಿಕೆ ಇಲ್ಲದೆ ಮಾಡಿದ್ದು ಅಂತ.”

“ಯಾರು?”

ನಾನು ಹುಡುಗಿಯ ಕಡೆ ನೋಡಿದೆ.

ಅಜ್ಜಿ ನಿಟ್ಟುಸಿರು ಬಿಟ್ಟರು. “ಮಚ್ಚು ಇಡಿಯಾಕೆ ಬರ್ದಂಗಾಗೋಯ್ತಾ ಸ್ಕೂಲ್ಗೋಗಿ? ಅವ್ರ ಚಿಕ್ಕಪ್ಪ ಏಳ್ತಿದ್ದುದ್ದೇ ಸರಿ ಬುಡು. ಕಾಲು ವಾಸಿ ಆಗ್ಲಿ, ಇನ್ನು ಮನೇಲಿರ್ಲಿ.”

ಆಗ ಹುಡುಗಿ ತಲೆಯೆತ್ತಿದಳು. “ನಾನಂಗನ್ನಲಿಲ್ಲ ಮಿಸ್.”

“ಏನು ಅನ್ನಲಿಲ್ಲ?”

“ಇಡ್ದಿದೀನಿ ಅಂತ ನಾನನ್ನಲಿಲ್ಲ. ಅವ್ರು ಅಂದ್ರು. ನಾನು ಸುಮ್ಕಿದ್ದೆ. ನೀವು ಕೆಳಗಿಡ್ತೀರೇನೋ ಅಂತ ಕಾಯ್ತಿದ್ದೆ.”

ನನ್ನ ಕಿವಿ ಕಿವುಡಾದಂತಾಯಿತು. ಆ ಮಧ್ಯಾಹ್ನವನ್ನು ಮತ್ತೆ ಮನಸ್ಸಿನಲ್ಲಿ ಕೇಳಿದೆ. ಆ ತುಂಬು ದನಿ, ಆ ಸ್ಪಷ್ಟವಾದ ಹಕಾರ. ಒಬ್ಬ ಹನ್ನೆರಡು ವರ್ಷದ ಹುಡುಗಿಯ ಗಂಟಲಿನಿಂದ ಅಷ್ಟು ದೊಡ್ಡ ದನಿ ಹೊರಡುವುದು ಸಾಧ್ಯವೇ ಇರಲಿಲ್ಲ. ಅದೂ ಅಲ್ಲದೆ, ಈ ಹುಡುಗಿಗೆ ಹಕಾರ ಇನ್ನೂ ಬಂದೇ ಇರಲಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

“ನಿನ್ನೆಯೇ ಯಾಕಮ್ಮ ಹೇಳಲಿಲ್ಲ?” ಎಂದೆ.

“ನನ್ನ ಯಾರೂ ಕೇಳ್ಲಿಲ್ವಲ್ಲ ಮಿಸ್.”

ಲಾರಿಯಲ್ಲಿ ಅವಳ ಕಾಲು ಹಿಡಿದು ಕುಳಿತಿದ್ದೆ. ಡಾಕ್ಟರ ಮನೆಯಲ್ಲಿ ಅವಳ ಪಕ್ಕದಲ್ಲೇ ನಿಂತಿದ್ದೆ. ಕೇಳಿರಲಿಲ್ಲ. ಇಪ್ಪತ್ತೊಂದು ಮಂದಿಯನ್ನು ಕೇಳಿದೆವು, ಅವಳೊಬ್ಬಳನ್ನು ಬಿಟ್ಟು.

ಕಾಗದವನ್ನು ಮಡಿಸಿದೆ. “ಅಜ್ಜಿ, ಇದರಲ್ಲಿ ಬರೆದದ್ದು ಸುಳ್ಳು. ಇವಳು ಹಿಡಿದಿರಲಿಲ್ಲ, ಹಿಡಿದಿದ್ದೇನೆ ಎನ್ನಲೂ ಇಲ್ಲ. ನಾನು ಇವಳ ಕೈಯನ್ನು ನೋಡದೆ ಬಿಟ್ಟೆ. ಕೆಳಗಿಡಬೇಕು ಅಂತ ಇವಳು ಹಿಂದಿನ ದಿನವೇ ಹೇಳಿದ್ದಳು. ನಾನು ಎಲ್ಲರ ಎದುರು ತಮಾಷೆ ಮಾಡಿದೆ. ತಪ್ಪು ನನ್ನದು. ಇವಳನ್ನು ಶಾಲೆ ಬಿಡಿಸಬೇಡಿ.”

“ತಪ್ಪು ನಿಂದಾದ್ರೆ ನಿನ್ ತಾವ ಯಾಕವ್ವ ಕಳಿಸ್ಲಿ?”

ಅವಳ ತಪ್ಪಾದರೂ ಶಾಲೆ ಬಿಡಬೇಕು, ನನ್ನ ತಪ್ಪಾದರೂ ಬಿಡಬೇಕು.

ಅಜ್ಜಿ ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಮನೆಯ ಮಚ್ಚಿತ್ತು. ನಾನು ಹೌಹಾರಿ ಹಿಂದಕ್ಕೆ ಜರುಗಿದೆ. ಅವರು ಅದನ್ನು ನನ್ನ ಮುಂದೆ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, “ಎತ್ಕೊ,” ಎಂದರು.

ಎತ್ತಿಕೊಂಡೆ.

“ಈಗ ಅದು ಯಾರ ಕೈಲೈತೆ?”

“ನನ್ನ ಕೈಯಲ್ಲಿ.”

“ಅನುಮಾನ ಐತಾ?”

“ಇಲ್ಲ.”

“ಅಷ್ಟೇಯ. ಜಗಳಾನೂ ಇಲ್ಲ, ಮಣ್ಣಾಂಗಟ್ಟಿನೂ ಇಲ್ಲ. ಕೊಡೋಳು ಬುಟ್ಟಿರ್ತಾಳೆ, ತಗಳೋಳು ಇಡ್ದಿರಾಕಿಲ್ಲ. ಆ ಒಂದ್ ಗಳಿಗೆ ಅದು ನೆಲದ್ ಮ್ಯಾಲೇ ಇರ್ಲಿ ಅಂತ. ಮಕ್ಳಿಗೆ ಇಷ್ಟುದ್ದ ಏಳುದ್ರೆ ಕೇಳ್ತವಾ? ಜಗಳ ಬತ್ತದೆ ಅಂದ್ರೆ ಕೇಳ್ತವೆ. ನಮ್ಮತ್ತೆ ನನ್ನ ಅಂಗೇ ಎದ್ರಿಸಿದ್ಲು.”

ಎರಡು ವಾರ ಕುಳಿತು ನಾನು ಬರೆದ ಹನ್ನೊಂದು ನಿಯಮಗಳು ನನ್ನ ಚೀಲದಲ್ಲೇ ಇದ್ದವು. ಓದು ಬರಹ ಬಾರದ ಮುದುಕಿಯೊಬ್ಬರು ಎಂಟನೆಯದನ್ನು ಒಂದು ಉಸಿರಿನಲ್ಲಿ ಹೊಡೆದು ಹಾಕಿದ್ದರು. ಮಚ್ಚನ್ನು ಮತ್ತೆ ನೆಲದ ಮೇಲಿಟ್ಟು ಹಿಂದೆ ಸರಿದೆ. ಅವರು ಎತ್ತಿಕೊಂಡು ಒಳಗೆ ಹೋದರು. ಶಾಲೆಯ ಮಾತಿಗೆ ಹೌದೆಂದೂ ಇಲ್ಲವೆಂದೂ ಅನ್ನಲಿಲ್ಲ. ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅಳುತ್ತಿದ್ದಳೆಂದು ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಅಂದೇ ಬೇರೆ ವರದಿ ಬರೆದು ಮುಖ್ಯೋಪಾಧ್ಯಾಯಿನಿಯವರ ಮೇಜಿನ ಮೇಲಿಟ್ಟೆ. ಅವರು ಓದಿ, “ನಿಮಗೇನಾದರೂ ತಲೆ ಕೆಟ್ಟಿದೆಯೇನ್ರೀ? ಇಪ್ಪತ್ತೊಂದು ಜನ ಹೇಳಿದಾರೆ,” ಎಂದರು. ಆ ಇಪ್ಪತ್ತೊಂದು ಜನರಿಗೆ ಹಾಗೆ ಹೇಳಲು ಕಲಿಸಿದವಳು ನಾನೆಂದೆ. ಅವರು ಹಳೆಯದನ್ನು ತೆಗೆದು ಹರಿದು ಹಾಕಿದರು. ಆ ವರ್ಷ ನನಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಶಿಬಿರದ ಹೊಣೆಯೂ ಹೋಯಿತು. ಅದು ನ್ಯಾಯವಾಗಿಯೇ ಇತ್ತು.

ಎರಡು ತಿಂಗಳು ಆ ಹುಡುಗಿಯ ಜಾಗ ಖಾಲಿಯಿತ್ತು. ಹಾಜರಿ ಕರೆಯುವಾಗ ಅವಳ ಹೆಸರು ಬಂದರೆ ಹುಡುಗಿಯರೆಲ್ಲ ಆ ಜಾಗದ ಕಡೆ ತಿರುಗುತ್ತಿದ್ದರು. ಉಪ್ಪಿನ ತಮಾಷೆ ಮಾಡಿದ್ದ ಹುಡುಗಿ ಒಂದು ದಿನ ಎದ್ದು ನಿಂತು, “ಮಿಸ್, ಅವತ್ತು ನಾನೂ ಅಂದೆ,” ಎಂದು ಅತ್ತುಬಿಟ್ಟಳು. ಅದಾದ ಮೇಲೆ ಒಬ್ಬೊಬ್ಬರಾಗಿ ಎದ್ದು ಹೇಳಿದರು. ಆ ಮಾತನ್ನು ಅವರ ಬಾಯಿಂದ ಒಬ್ಬೊಬ್ಬರಾಗಿ ಕೇಳಿದ್ದು ಅದೇ ಮೊದಲು. ಅವರ ದನಿಗಳು ಒಂದಕ್ಕೊಂದು ಎಷ್ಟು ಬೇರೆಯಾಗಿದ್ದವೆಂದು ನಾನು ಬೆರಗಾದೆ.

ಒಂದು ಸೋಮವಾರ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದಾಗ, ಗೇಟಿನಾಚೆ ಗಾಡಿ ನಿಂತದ್ದು ಕಂಡಿತು. ಅಜ್ಜಿ ಇಳಿದರು, ಹುಡುಗಿಯನ್ನು ಇಳಿಸಿಕೊಂಡರು. ಎಡಗಾಲಿನ ಚಪ್ಪಲಿಗೆ ಹಿಂದೆ ಒಂದು ಪಟ್ಟಿ ಹೊಲಿಸಿದ್ದರು. ಹೆಬ್ಬೆರಳು ಚಪ್ಪಲಿಯನ್ನು ಹಿಡಿದುಕೊಳ್ಳಲಾರದಾಗಿತ್ತು. ಕೈ ಹಿಡಿದುಕೊಂಡು ಗೇಟಿನವರೆಗೂ ಬಂದರು. ನಾನು ಓಡಿ ಹೋಗಿ ಕೈ ಚಾಚಿದೆ. ಅಜ್ಜಿ ಅವಳನ್ನು ನನ್ನ ಕೈಗೆ ಕೊಡಲಿಲ್ಲ. ಗೇಟಿನ ಒಳಗೆ ಅವಳನ್ನು ನಿಲ್ಲಿಸಿ, ಕೈ ಬಿಟ್ಟು, ಎರಡು ಹೆಜ್ಜೆ ಹಿಂದಕ್ಕೆ ಸರಿದು, ನನ್ನನ್ನೇ ನೋಡುತ್ತ ನಿಂತರು.

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಮೊದಲು ಅವಳ ಕಾಲನ್ನು ನೋಡಿದೆ, ಆಮೇಲೆ ಮುಖವನ್ನು. “ಬರ್ತೀಯಾ?” ಎಂದು ಕೇಳಿದೆ.

“ಬತ್ತೀನಿ ಮಿಸ್,” ಎಂದಳು.

ಆಮೇಲೆ ಅವಳ ಕೈ ಹಿಡಿದೆ. ಅಜ್ಜಿ ತಿರುಗಿ ಗಾಡಿಯ ಕಡೆ ನಡೆದರು.